ಬೂದೆಮ್ಮನ ಗಾದಿ ರೊಟ್ಟಿ

ಬಾಗಲವಾಡದ ಬೂದೆಮ್ಮ ದೇವದುರ್ಗಕ್ಕೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನಾರೋ ಹದಿನೇಳೋ ವಯಸ್ಸು. ಬಂದ ಮನೆಯಲ್ಲಿ ಅತ್ತೆ ತಿಮ್ಮವ್ವ, ಗಂಡ ಮಾರೆಪ್ಪ, ಭಾವ ಯಂಕಣ್ಣ, ಅವನ ಹೆಂಡತಿ, ಅವರ ಮಕ್ಕಳು. ಸ್ವಂತದ್ದೆಂದು ಒಂದು ತುಂಡು ಹೊಲ, ಉಳಿದಂತೆ ಕಂಡವರ ಹೊಲದಲ್ಲಿ ಕೂಲಿ. ನಸುಕಿಗೇ ಗಂಡಸರ ಜೊತೆ ಹೊರಡುವುದು, ಹೊತ್ತು ಮುಳುಗಿದ ಮೇಲೆ ಅವರ ಜೊತೆಗೇ ತಿರುಗಿ ಬರುವುದು. ಮನೆಯ ಹೊಸ್ತಿಲವರೆಗೆ ಎಲ್ಲರೂ ಒಂದೇ. ಹೊಸ್ತಿಲು ದಾಟಿದ ಮೇಲೆ ಗಂಡಸರು ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದರು, ಹೆಂಗಸರು ಒಲೆಯ ಮುಂದೆ ಕೂಡುತ್ತಿದ್ದರು. ಬಿಸಿ ರೊಟ್ಟಿ ಹಂಚಿನಿಂದ ನೇರ ಗಂಡಸರ ತಾಟಿಗೆ ಹೋಗುತ್ತಿತ್ತು. ಆಮೇಲೆ ಮಕ್ಕಳು. ಎಲ್ಲ ಮುಗಿದ ಮೇಲೆ, ಬುಟ್ಟಿಯಲ್ಲಿ ಏನಾದರೂ ಉಳಿದಿದ್ದರೆ, ಹೆಂಗಸರು. ಉಳಿಯದಿದ್ದರೆ ಹಸಿವಿಲ್ಲ ಎಂದು ಹೇಳಿ ಚಾಪೆ ಹಾಸಿಕೊಳ್ಳುವುದು.

ಇದನ್ನು ಬೂದೆಮ್ಮ ತಪ್ಪೆಂದು ತಿಳಿದಿರಲಿಲ್ಲ. ತವರಿನಲ್ಲಿ ಅವಳ ಅವ್ವ ವೆಂಕಮ್ಮ ಉಣ್ಣುತ್ತಿದ್ದದ್ದೂ ಹಾಗೆಯೇ. ಹೆಣ್ಣು ಮೊದಲು ಉಂಡ ಮನೆಯಲ್ಲಿ ಕಣಜ ತುಂಬುವುದಿಲ್ಲ ಎಂದು ತಿಮ್ಮವ್ವ ಆಗಾಗ ಹೇಳುತ್ತಿದ್ದಳು. ಕೊನೆಗೆ ಉಂಡರೂ ಅವರ ಕಣಜವೇನೂ ತುಂಬಿರಲಿಲ್ಲ. ಆದರೆ ಆ ಮಾತನ್ನು ತಿರುಗಿಸಿ ಕೇಳಬಹುದು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಎಪ್ಪತ್ತಮೂರನೇ ಇಸವಿಯಲ್ಲಿ ಮಾರೆಪ್ಪನಿಗೆ ರಾಯಚೂರಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಊರೂರಿಗೆ ಕೊಳವೆಬಾವಿ ಕೊರೆಯುವ ದೊಡ್ಡ ಯಂತ್ರಗಳು ಬಂದಿದ್ದ ಕಾಲ ಅದು. ಆ ಯಂತ್ರಗಳನ್ನು ನಡೆಸುವುದನ್ನು ಕಲಿಸಲು ಬಂದ ಅಮೆರಿಕದ ಸಾಹೇಬನೊಬ್ಬ ಹೆಂಡತಿಯೊಂದಿಗೆ ಹಳೆಯದೊಂದು ಬಂಗಲೆ ಬಾಡಿಗೆ ಹಿಡಿದಿದ್ದ. ಹಿಂದುಗಡೆಯ ಒಂದು ಕೋಣೆಯಲ್ಲಿ ಮಾರೆಪ್ಪ, ಬೂದೆಮ್ಮ, ಅವರ ಮಗಳು ಸೂಗಮ್ಮ ಬಿಡಾರ ಹೂಡಿದರು. ಕಸ ಮುಸುರೆ ಬೂದೆಮ್ಮನ ಪಾಲಿಗೆ ಬಂತು.

ಅಡುಗೆಮನೆ ಬುರ್ಹಾನುದ್ದೀನನದು. ನಿಜಾಮರ ಕಾಲದ ಅಧಿಕಾರಿಗಳ ಮನೆಗಳಲ್ಲಿ ಬೇಯಿಸಿ ಮುದುಕನಾಗಿದ್ದ ಖಾನಸಾಮಾ ಅವನು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಮಾತು ಕಡಿಮೆ. ಒಲೆಯ ಮುಂದೆ ಅವನು ನಿಂತರೆ ಸಾಹೇಬನೂ ಬಾಗಿಲ ಹೊರಗೇ ನಿಂತು ಕೇಳಬೇಕು. ಅಡುಗೆ ಮಾಡುವವರಿಗೆ ಇಂಥ ಗತ್ತು ಇರಬಹುದು ಎಂದು ಬೂದೆಮ್ಮ ಮೊದಲು ಕಂಡದ್ದು ಅಲ್ಲಿ. ಅವಳ ಕೈ ಚುರುಕೆಂದು ಗೊತ್ತಾದ ಮೇಲೆ ಅವನು ಅವಳನ್ನು ಪಾತ್ರೆಯಿಂದ ತರಕಾರಿಗೆ, ತರಕಾರಿಯಿಂದ ಒಲೆಗೆ ಕರೆದುಕೊಂಡ.

ಪ್ರತಿ ಭಾನುವಾರ ಬೆಳಿಗ್ಗೆ ಆ ಮನೆಯಲ್ಲಿ ಪ್ಯಾನ್‌ಕೇಕ್ ಆಗಬೇಕು. ದೋಸೆಯಂತೆ ದುಂಡಗೆ, ಆದರೆ ದೋಸೆಯಲ್ಲ. ಬೆರಳಿನಷ್ಟು ದಪ್ಪ, ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆದ್ದು ಬರುವಷ್ಟು ಮೆತ್ತಗೆ. ಸೂಗಮ್ಮ ಅದನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿ, ಹತ್ತಿಯ ಹಾಸಿಗೆಯಂತಿದೆಯೆಂದು, ಗಾದಿ ಎಂದಳು. ಅಂದಿನಿಂದ ಅದರ ಹೆಸರು ಗಾದಿ ರೊಟ್ಟಿ ಎಂದಾಯಿತು. ಬುರ್ಹಾನುದ್ದೀನನೂ ಹಾಗೇ ಕರೆಯತೊಡಗಿದ.

ಬೂದೆಮ್ಮನಿಗೆ ಅದನ್ನು ಕಲಿಯುವುದು ಸುಲಭವಾಗಲಿಲ್ಲ. ಅವಳದು ಜೋಳದ ರೊಟ್ಟಿ ಬಡಿದ ಕೈ. ಜೋಳದ ಹಿಟ್ಟು ನಾದಿದಷ್ಟೂ ಒಳ್ಳೆಯದು. ಇದು ಮುಟ್ಟಿದಷ್ಟೂ ಕೆಡುತ್ತಿತ್ತು. ಮೈದಾ, ಚೂರು ಸಕ್ಕರೆ, ಉಪ್ಪು ಒಂದು ಬೋಗುಣಿಯಲ್ಲಿ. ಹುಳಿ ಮಜ್ಜಿಗೆ, ಮೊಟ್ಟೆಯ ಹಳದಿ, ಕರಗಿದ ಬೆಣ್ಣೆ ಇನ್ನೊಂದರಲ್ಲಿ. ಮೇಡಂ ಹೈದರಾಬಾದಿನಿಂದ ತರಿಸುತ್ತಿದ್ದ, ಹಿಟ್ಟು ಉಬ್ಬಿಸುವ ಡಬ್ಬಿಯ ಪುಡಿ ತೀರಿದಾಗ ಬುರ್ಹಾನುದ್ದೀನ ಕಿರಾಣಿ ಅಂಗಡಿಯ ತಿನ್ನುವ ಸೋಡಾವನ್ನೇ ಹಿಟ್ಟಿಗೆ ಹಾಕುತ್ತಿದ್ದ. ಮಜ್ಜಿಗೆ ಚೆನ್ನಾಗಿ ಹುಳಿ ಬಂದಿದ್ದರೆ ಸೋಡಾ ಸೇರಿದ ಕೂಡಲೇ ಹಿಟ್ಟು ಉಸಿರಾಡಿದಂತೆ ಏಳುತ್ತಿತ್ತು. ಎರಡು ಬೋಗುಣಿಯದನ್ನೂ ಕೂಡಿಸಿ ನಾಲ್ಕು ಸಲ ತಿರುವಿದರೆ ಮುಗಿಯಿತು. ಗಂಟುಗಳು ಕಂಡು ಬೂದೆಮ್ಮನ ಕೈ ತುರಿಸುತ್ತಿತ್ತು. ಮುರಿಯಬೇಡ, ಹಾಗೇ ಬಿಡು ಎಂದು ಮುದುಕ ಗದರುತ್ತಿದ್ದ. ಕೊನೆಗೆ ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಬಡಿದು, ಹಿಟ್ಟಿನ ಮೇಲಿಟ್ಟು, ಎಳೆಗೂಸಿನ ಮೇಲೆ ದುಪ್ಪಟಿ ಹೊದಿಸಿದಷ್ಟು ಹಗುರವಾಗಿ ಮಗುಚಬೇಕು. ಸಣ್ಣ ಉರಿ. ಮೇಲೆ ಗುಳ್ಳೆ ಎದ್ದು ಒಡೆದು ತೂತಾಗಿ ನಿಂತಾಗ ಒಂದೇ ಒಂದು ಸಲ ತಿರುವಿ ಹಾಕುವುದು. ಮೇಲಿಂದ ಒತ್ತಿದರೆ ಅದು ಸತ್ತಂತೆ.

ಅವಳು ತಾನೇ ಹಿಟ್ಟು ಕಲಸಿ ಮೊದಲನೆಯದನ್ನು ಸರಿಯಾಗಿ ಎತ್ತಿದ ದಿನ, ಅದನ್ನು ತಾಟಿಗೆ ಹಾಕಿ ಒಳಗೆ ಒಯ್ಯಲು ಎದ್ದಳು. ಬುರ್ಹಾನುದ್ದೀನ ತಡೆದ.

"ಅದು ಒಳಗ ಹೋಗಂಗಿಲ್ಲ. ಮೊದಲಿಂದು ಮಾಡಿದಾಕಿದು. ತಿನ್ನು."

ಸಾಹೇಬರಿಗಿಂತ ಮೊದಲು ತಿಂದರೆ ಎಂಜಲಾಗುತ್ತದೆ ಎಂದಳು ಬೂದೆಮ್ಮ. ಮುದುಕನಿಗೆ ಆ ಮಾತೇ ಅರ್ಥವಾಗಲಿಲ್ಲ. ತವೆಯ ಹದ ಬಂದಿದೆಯೋ, ಉಪ್ಪು ಸರಿ ಇದೆಯೋ, ತಿನ್ನದೆ ಹೇಗೆ ತಿಳಿದೀತು ಎಂದ. ತನ್ನ ಉಸ್ತಾದ ನವಾಬರ ಮನೆಯಲ್ಲಿ ಬೇಯಿಸಿದವನು, ನವಾಬರಿಗಿಂತ ಮೊದಲು ಅವನ ನಾಲಗೆಯೇ ರುಚಿ ನೋಡಬೇಕಿತ್ತು, ಅದು ಹಕ್ಕಲ್ಲ, ಕೆಲಸ ಎಂದ.

ಬೂದೆಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತು ತಿಂದಳು. ಬೆಣ್ಣೆ ಕರಗಿ ಬೆರಳಿನ ಸಂದಿಯಲ್ಲಿ ಇಳಿಯುತ್ತಿತ್ತು. ಬಾಯಲ್ಲಿಟ್ಟರೆ ಹಬೆ. ಮದುವೆಯಾದ ಮೇಲೆ ಒಲೆಯಿಂದ ಇಳಿದ ಕೂಡಲೇ ತಾನು ಏನನ್ನೂ ತಿಂದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅವಳಿಗೆ ಮೊದಲು ಬಂದದ್ದು ಖುಷಿಯಲ್ಲ, ಸಿಟ್ಟು. ಬಿಸಿ ಎನ್ನುವುದು ಇಷ್ಟು ರುಚಿ ಎಂದು ಮನೆಯ ಗಂಡಸರಿಗೆಲ್ಲ ಮೊದಲಿನಿಂದಲೂ ಗೊತ್ತಿತ್ತಲ್ಲ, ಒಬ್ಬನೂ ತನಗೆ ಹೇಳಲಿಲ್ಲವಲ್ಲ ಎಂಬ ಸಿಟ್ಟು.

ಎಪ್ಪತ್ತಾರರಲ್ಲಿ ಸಾಹೇಬನ ಕೆಲಸ ಮುಗಿದು ಅವರು ತಮ್ಮ ದೇಶಕ್ಕೆ ಹೋದರು. ಬುರ್ಹಾನುದ್ದೀನ ಹೈದರಾಬಾದಿನ ಮಗಳ ಮನೆ ಸೇರಿದ. ಮಾರೆಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ದೇವದುರ್ಗಕ್ಕೆ ಮರಳಿದ.

ಮನೆ ಹಾಗೇ ಇತ್ತು. ಬದಲಾದವಳು ಬೂದೆಮ್ಮ ಮಾತ್ರ, ಆದರೂ ಸ್ವಲ್ಪ ಕಾಲ ಅವಳೂ ಹಳೆಯ ದಾರಿಯಲ್ಲೇ ನಡೆದಳು. ಸೂಗಮ್ಮ ರಾಯಚೂರಿನ ಗಾದಿ ರೊಟ್ಟಿಯ ಕಥೆ ಹೇಳಿ ಹೇಳಿ ದೊಡ್ಡಪ್ಪನ ಮಕ್ಕಳ ಬಾಯಲ್ಲಿ ನೀರು ತರಿಸಿದ್ದಳು. ಒಂದು ಅಮಾವಾಸ್ಯೆಯ ದಿನ, ಹೊಲದ ಕೆಲಸವಿಲ್ಲದ್ದರಿಂದ ಎಲ್ಲರೂ ಮನೆಯಲ್ಲಿದ್ದಾಗ, ಬೂದೆಮ್ಮ ಮೈದಾ, ಸೋಡಾ ತರಿಸಿದಳು. ಮಜ್ಜಿಗೆ ಮನೆಯಲ್ಲೇ ಇತ್ತು, ಮೊಟ್ಟೆ ಮನೆಯ ಕೋಳಿಯದು. ಮೊದಲನೆಯದು ಹಂಚಿನ ಮೇಲೆ ಉಬ್ಬಿತು. ಕಟ್ಟೆಯ ಮೇಲಿದ್ದ ಯಂಕಣ್ಣನಿಗೂ ವಾಸನೆ ಹೋಗಿ ಅವನು ಒಳಗೆ ಬಂದು ಕೂತು ತಾಟು ಮುಂದೆ ಎಳೆದುಕೊಂಡ. ಬೂದೆಮ್ಮ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡಳು. ಬೆಲ್ಲದ ಪಾಕ ಸುರಿದಳು. ಎಲ್ಲರೂ ನೋಡುತ್ತಿದ್ದಂತೆ ಮುರಿದು ಬಾಯಿಗಿಟ್ಟಳು.

ತಿಮ್ಮವ್ವ ಕೂತಲ್ಲಿಂದ ಎದ್ದು ಒಲೆಯ ಹತ್ತಿರ ಬಂದಳು.

"ಎಂಜಲು ಮಾಡಿ ಬಡಸಾಕಿ ಏನಬೇ ನೀನು?"

"ಎಂಜಲಲ್ಲತ್ತಿ. ನಾ ತಿನ್ನಾಕತ್ತಿದ್ದು ನನ್ನ ಪಾಲಿಂದು. ಹಂಚಿನ ಮುಂದ ಕುಂತಾಕಿ ಮೊದಲ ತಿಂತಾಳ. ಮುಂದಿಂದು ನಿಮಗ."

ಯಂಕಣ್ಣ ಎದ್ದು ಬಂದು ಹಿಟ್ಟಿನ ಬೋಗುಣಿಯನ್ನು ಕಾಲಿನಿಂದ ಒದ್ದ. ಹಿಟ್ಟೆಲ್ಲ ಬೂದಿಗುಂಡಿಗೆ ಹರಿಯಿತು. ಅವನ ಹೆಂಡತಿ, ಬೂದೆಮ್ಮನ ನೆಗೆಣ್ಣಿ, ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡಳು. ಬೂದೆಮ್ಮ ಕೈಯಲ್ಲಿದ್ದ ತುಂಡನ್ನು ತಿಂದು ಮುಗಿಸಿದಳು. ಆಮೇಲೆ ಬೋಗುಣಿಯನ್ನು ಎತ್ತಿ ತೊಳೆದು, ಉಳಿದಿದ್ದ ಮೈದಾ ಹಾಕಿ, ಮಜ್ಜಿಗೆ ಹೊಯ್ದು, ಮತ್ತೆ ಕಲಸತೊಡಗಿದಳು. ನಾಲ್ಕೇ ಸಲ ಎಂದು ಎಣಿಸಿ ತಿರುವಿದಳು. ಹಂಚಿಗೆ ಒಂದು ಹೊಯ್ದಳು. ಅದು ಬೇಯುವವರೆಗೂ ಯಂಕಣ್ಣ ಅಲ್ಲೇ ನಿಂತಿದ್ದ; ಮತ್ತೆ ಒದೆಯಲು ಯಾಕೋ ಕಾಲು ಏಳಲಿಲ್ಲ. ಅದನ್ನೂ ಅವಳು ತಿಂದಳು. ಅದು ಅಷ್ಟೇನೂ ಉಬ್ಬಿರಲಿಲ್ಲ.

ಮಾರೆಪ್ಪ ಬಾಗಿಲ ಬಳಿ ನಿಂತಿದ್ದವನು ಒಂದು ಮಾತನ್ನೂ ಆಡಲಿಲ್ಲ. ಭಾವನ ಒದೆತಕ್ಕಿಂತ ಆ ಮೌನವೇ ಬೂದೆಮ್ಮನಿಗೆ ಹೆಚ್ಚು ನಾಟಿತು.

ಅಂದಿನಿಂದ ಅವಳು ಜೋಳದ ರೊಟ್ಟಿ ಬಡಿಯುವಾಗಲೂ ಹಾಗೇ ಮಾಡಿದಳು. ಮೊದಲನೆಯದು ತನಗೆ. ಪುಂಡಿ ಪಲ್ಯ ಹಚ್ಚಿಕೊಂಡು ಒಲೆಯ ಮುಂದೆಯೇ ತಿಂದು, ಆಮೇಲೆ ಉಳಿದವರಿಗೆ. ತಿಮ್ಮವ್ವ ಅವಳು ಮಾಡಿದ್ದನ್ನು ಮುಟ್ಟುವುದನ್ನು ಬಿಟ್ಟಳು. ಮಾತು ಓಣಿಗೆ ಬಿತ್ತು, ಓಣಿಯಿಂದ ಊರ ಪಂಚಾಯಿತಿ ಕಟ್ಟೆಗೆ ಹೋಯಿತು. ಹಿರಿಯರು ಕೂತು ಅವಳನ್ನು ಕರೆಸಿದರು. ಪಟ್ಟಣ ಸೇರಿ ಕೆಟ್ಟಳು, ಸಾಹೇಬರ ಊಟ ತಿಂದು ರಿವಾಜು ಮರೆತಳು ಎಂದು ಒಬ್ಬೊಬ್ಬರೂ ಹೇಳಿದರು. ಅತ್ತೆಯ ಕಾಲಿಗೆ ಬಿದ್ದು ತಪ್ಪಾಯಿತು ಎಂದುಬಿಡು, ಇಲ್ಲಿಗೇ ಮುಗಿಸೋಣ ಎಂದು ಕೊನೆಗೆ ದಾರಿ ತೋರಿಸಿದರು.

ಬೂದೆಮ್ಮ ಸೆರಗು ಸರಿಮಾಡಿಕೊಂಡು ನಿಂತಳು. "ಅತ್ತಿ ಕಾಲಿಗೆ ದಿನಾ ಬೀಳ್ತೀನ್ರಿ ಯಪ್ಪಾ, ಅದಕ್ಕೇನು. ತಪ್ಪಾತು ಅನ್ನಂಗಿಲ್ಲ. ಹೊಲಕ್ಕ ಹೋಗಾಗ ಗಂಡಸ್ರ ಹಿಂದ ಹೋಗು ಅಂತ ನನಗ ಯಾರೂ ಅಂದಿಲ್ಲ. ಉಣ್ಣಾಗ ಮಾತ್ರ ಯಾಕ ಹಿಂದ?"

ಉತ್ತರ ಕೊಡುವ ರೂಢಿ ಆ ಕಟ್ಟೆಗೆ ಇರಲಿಲ್ಲ, ತೀರ್ಪು ಕೊಡುವ ರೂಢಿ ಇತ್ತು. ಬುದ್ಧಿ ಬರುವವರೆಗೆ ತವರಿನಲ್ಲಿರಲಿ ಎಂದರು. ಮರುದಿನ ಬೂದೆಮ್ಮ ಸೂಗಮ್ಮನ ಕೈ ಹಿಡಿದು ಬಾಗಲವಾಡದ ಕಡೆಯ ಬಸ್ಸು ಹತ್ತಿದಳು.

ತವರಿನಲ್ಲಿ ಅವ್ವ ವೆಂಕಮ್ಮ ಬಾಗಿಲು ತೆರೆದಳು, ಆದರೆ ಮನಸ್ಸು ಪೂರ್ತಿ ತೆರೆಯಲಿಲ್ಲ. ಒಂದು ರೊಟ್ಟಿಗಾಗಿ ಸಂಸಾರ ಕೆಡಿಸಿಕೊಂಡೆಯಲ್ಲ ಎಂದು ದಿನಕ್ಕೊಮ್ಮೆ ಅನ್ನುತ್ತಿದ್ದಳು. ಕಾಲುವೆ ನೀರು ಬಂದು ಆ ಕಡೆ ಭತ್ತದ ಗದ್ದೆಗಳಾಗಿದ್ದವು. ಬೂದೆಮ್ಮ ನಾಟಿಗೆ ಹೋಗತೊಡಗಿದಳು. ಕೆಸರಿನಲ್ಲಿ ಬಗ್ಗಿ ನಿಂತಾಗ ಕೆಲವೊಮ್ಮೆ ಅವಳಿಗೂ ಅನಿಸುತ್ತಿತ್ತು, ಬಗ್ಗಿಬಿಟ್ಟರೆ ಏನು ಹೋಗುತ್ತದೆ ಎಂದು. ಸಂಜೆ ಮನೆಗೆ ಬಂದು ಹಂಚು ಇಟ್ಟ ಮೇಲೆ ಆ ಯೋಚನೆ ಇರುತ್ತಿರಲಿಲ್ಲ.

ಮಾರೆಪ್ಪ ಮೊದಲ ಸಲ ಬಂದದ್ದು ತನ್ನ ತಾಯಿಯ ಮಾತನ್ನು ಹೊತ್ತುಕೊಂಡು. ಕಾಲಿಗೆ ಬಿದ್ದರೆ ಸಾಕು, ತಪ್ಪು ಎಂದು ಬಾಯಿಬಿಟ್ಟು ಹೇಳುವುದೂ ಬೇಡ, ಅಷ್ಟಕ್ಕೆ ಅವ್ವ ಒಪ್ಪಿದ್ದಾಳೆ ಎಂದ. ಬೂದೆಮ್ಮ ಅವನಿಗೆ ತಾಟು ಇಟ್ಟಳು, ಅದರ ಎದುರಿಗೆ ತನ್ನದೂ ಇಟ್ಟುಕೊಂಡಳು, ಇಬ್ಬರಿಗೂ ಬಡಿಸಿ ತಾನೂ ಉಂಡಳು. ಅವನು ತುತ್ತು ನುಂಗಲಾರದೆ ನುಂಗಿ ಎದ್ದುಹೋದ.

ಎರಡನೇ ಸಲ ಬಂದಾಗ ಸುಗ್ಗಿ ಮುಗಿದಿತ್ತು. ಯಾರ ಮಾತನ್ನೂ ತಂದಿರಲಿಲ್ಲ. ಅಂಗಳದಲ್ಲಿ ಕೂತು ಹೇಳಿದ.

"ನೀ ಹೋದಮ್ಯಾಲ ಅವ್ವನೇ ರೊಟ್ಟಿ ಮಾಡತಾಳ. ಮೊನ್ನೆ ನಾವೆಲ್ಲ ಉಂಡಮ್ಯಾಲ ಸುಮ್ನ ಬುಟ್ಟಿ ತೆಗೆದು ನೋಡಿದೆ. ಒಂದೂ ಇದ್ದಿದ್ದಿಲ್ಲ. ಯವ್ವಾ ನಿನಗ ಅಂದೆ. ಹಸಿವಿಲ್ಲ ಅಂದ್ಲು."

ಬೂದೆಮ್ಮ ಅವನ ಎದುರಿಗೆ ಬಂದು ಕೂತಳು.

"ನೀನೂ ಹಂಗ ಅಂತಿದ್ದಿ. ಅದು ಸುಳ್ಳಂತ ನನಗ ಗೊತ್ತಿದ್ದಿಲ್ಲ."

"ಈಗ ಗೊತ್ತಾತು?"

"ಗೊತ್ತಾತು."

ಆದರೂ ದೇವದುರ್ಗಕ್ಕೆ ಬರುವುದಿಲ್ಲ, ಬೇರೆ ಒಲೆ ಹೂಡುವುದಾದರೆ ಬರುತ್ತೇನೆ ಎಂದಳು ಬೂದೆಮ್ಮ. ಆ ಬೇಸಿಗೆಯಲ್ಲಿ ಅವರು ಮಾನ್ವಿಗೆ ಹೋದರು. ಮಾರೆಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ಸೇರಿದ. ಬೂದೆಮ್ಮನಿಗೆ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಮನೆ ಎಂದರೆ ಒಂದೇ ಕೋಣೆ, ಮೇಲೆ ತಗಡು. ಪಕ್ಕದ ಮನೆಯ ಶಹಜಾದಿ ಬೇಗಂ ಮೊದಲ ದಿನವೇ ಒಲೆಗೆ ಕಟ್ಟಿಗೆ ಕೊಟ್ಟು ಗೆಳತಿಯಾದಳು.

ಭಾನುವಾರಕ್ಕೊಮ್ಮೆ ಆ ಮನೆಯಲ್ಲಿ ಗಾದಿ ರೊಟ್ಟಿ ಆಗುತ್ತಿತ್ತು. ಮಾಡಿದವರು ಮೊದಲು ತಿನ್ನಬೇಕು, ಅದೊಂದೇ ಕಾನೂನು. ಬೂದೆಮ್ಮನಿಗೆ ಜ್ವರ ಬಂದ ಒಂದು ವಾರ ಮಾರೆಪ್ಪನೇ ಹಿಟ್ಟು ಕಲಸಿದ. ಗಂಟು ಇರಬಾರದೆಂದು ಚೆನ್ನಾಗಿ ಬಡಿದು, ಬೇಗ ಬೇಯಲೆಂದು ಉರಿ ಏರಿಸಿ, ಮೇಲಿಂದ ಒತ್ತಿಯೂ ಬಿಟ್ಟ. ಹೊರಗೆ ಕಪ್ಪು, ಒಳಗೆ ಹಸಿ, ಎತ್ತಿದರೆ ಚಪ್ಪಲಿಯಂತಿತ್ತು. ಚಾದರ ಹೊದ್ದು ಮಲಗಿದ್ದ ಬೂದೆಮ್ಮ ಕಾನೂನನ್ನು ನೆನಪಿಸಿದಳು. ಅವನು ಅದನ್ನು ಪೂರ್ತಿ ತಿಂದ. ಆ ವಿಷಯ ಶಹಜಾದಿ ಬೇಗಂ ಮೂಲಕ ಓಣಿಗೆಲ್ಲ ಗೊತ್ತಾಯಿತು. ಗಂಡಸಿಗೆ ಸೌಟು ಹಿಡಿಸಿದಳು ಎಂದು ಗಿರಣಿಯ ಹಮಾಲರು ಮಾರೆಪ್ಪನನ್ನು ಗೇಲಿ ಮಾಡಿದರು. ನಿಮ್ಮ ಮನೆಯ ಬುಟ್ಟಿಯನ್ನೂ ಒಮ್ಮೆ ತೆಗೆದು ನೋಡಿ ಎಂದಷ್ಟೇ ಅವನು ಹೇಳಿದ.

ಸೂಗಮ್ಮ ಹತ್ತನೇ ತರಗತಿ ಪಾಸಾಗಿ ಅಂಗನವಾಡಿಗೆ ಸೇರಿದಳು. ಎಂಬತ್ತೆಂಟರಲ್ಲಿ ಕಲ್ಮಲದ ಪಕೀರಪ್ಪನ ಮಗನಿಗೆ ಅವಳನ್ನು ಗೊತ್ತು ಮಾಡಿದರು. ಮದುವೆ ಮಾನ್ವಿಯಲ್ಲಿ, ಮನೆಯ ಮುಂದಿನ ಚಪ್ಪರದಲ್ಲೇ. ದೇವದುರ್ಗದಿಂದ ಯಂಕಣ್ಣನೂ ಬಂದ, ತಿಮ್ಮವ್ವನೂ ಬಂದಳು. ಮುದುಕಿಯ ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ.

ಓಣಿಯ ಹೆಂಗಸರು ನಸುಕಿನಿಂದ ಹೊಗೆಯಲ್ಲಿ ಕೂತು ಅಡುಗೆ ಮಾಡಿದ್ದರು. ಅಕ್ಷತೆ ಬಿದ್ದ ಮೇಲೆ ಚಾಪೆ ಹಾಸಿ ಎಲೆ ಹಾಕಿದ್ದಾಯಿತು. ಗಂಡಿನ ಕಡೆಯ ಗಂಡಸರು ಪಂಚೆ ಸರಿಮಾಡಿಕೊಂಡು ಏಳುತ್ತಿದ್ದಂತೆ ಬೂದೆಮ್ಮ ಚಪ್ಪರದ ನಡುವೆ ಬಂದು ನಿಂತಳು. ಮೊದಲ ಪಂಕ್ತಿ ಅಡುಗೆ ಮಾಡಿದವರದು ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಅಲುಗಲಿಲ್ಲ. ಶಹಜಾದಿ ಬೇಗಂ ಕೈ ಒರೆಸಿಕೊಂಡು ಬಂದು ಮೊದಲ ಎಲೆಯ ಮುಂದೆ ಕೂತಳು. ಆಮೇಲೆ ನೆಗೆಣ್ಣಿ, ಯಂಕಣ್ಣನ ಹೆಂಡತಿ, ಗಂಡನ ಕಡೆ ನೋಡದೆ ಬಂದು ಅವಳ ಪಕ್ಕದಲ್ಲಿ ಕೂತಳು. ಆಮೇಲೆ ಉಳಿದವರು.

"ಬೀಗರನ್ನ ನಿಂದ್ರಿಸಿ ಹೆಂಗಸ್ರು ಉಣ್ಣೋದು ನೋಡ್ಕೋತ ಇರಬೇಕೇನು ನಾವು?" ಎಂದ ಯಂಕಣ್ಣ.

"ಸುಮ್ನ ಯಾಕ ನಿಂದ್ರತೀರಿ ಭಾವಾ. ಬಡಸಾಕ ಬರ್ರಿ," ಎಂದಳು ಬೂದೆಮ್ಮ.

ಮಾರೆಪ್ಪ ಸಾರಿನ ಬಕೀಟು ಎತ್ತಿಕೊಂಡ. ಅವನ ಹಿಂದೆ ಗಿರಣಿಯ ಇಬ್ಬರು ಹಮಾಲರು ಅನ್ನದ ಬುಟ್ಟಿ ಹಿಡಿದರು. ಯಂಕಣ್ಣ ಹೆಗಲ ಮೇಲಿನ ಟವೆಲು ಕೊಡವಿ ಬಸ್‌ ನಿಲ್ದಾಣದ ಕಡೆ ನಡೆದ. ಗಂಡಿನ ಕಡೆಯವರಲ್ಲೂ ಕೆಲವರು ಉಣ್ಣದೆ ಹೋದರು. ಪಕೀರಪ್ಪ ಹೋಗಲಿಲ್ಲ, ಬಡಿಸಲೂ ಇಲ್ಲ. ಮುಖ ಗಂಟಿಕ್ಕಿಕೊಂಡು ಎರಡನೇ ಪಂಕ್ತಿಯಲ್ಲಿ ಉಂಡ. ಹಸೆಯ ಮೇಲಿದ್ದ ಸೂಗಮ್ಮ ತಲೆ ಎತ್ತಿ ಎಲ್ಲವನ್ನೂ ನೋಡುತ್ತಿದ್ದಳು. ತಲೆ ತಗ್ಗಿಸು ಎಂದು ಯಾರೋ ಹಿಂದಿನಿಂದ ತಿವಿದರೂ ತಗ್ಗಿಸಲಿಲ್ಲ.

ತಿಮ್ಮವ್ವ ಗೋಡೆಗೆ ಒರಗಿ ಕೂತಿದ್ದಳು. ಬೂದೆಮ್ಮ ಹೋಗಿ ಮೊದಲ ಪಂಕ್ತಿಗೆ ಕರೆದಳು.

"ನಿನ್ನ ರಿವಾಜು ನಿನಗ. ನನ್ನ ರಿವಾಜು ನನಗಿರಲಿ," ಎಂದಳು ಮುದುಕಿ. "ಇಷ್ಟು ವರ್ಷ ಹಿಂದ ಉಂಡೀನಿ. ಈಗ ಮುಂದ ಕುಂತ್ರ, ಆ ಉಂಡದ್ದೆಲ್ಲ ಸುಳ್ಳಾಗತದ."

ಬೂದೆಮ್ಮ ಮತ್ತೆ ಕರೆಯಲಿಲ್ಲ. ತನ್ನಷ್ಟೇ ಹಟದ ಹೆಂಗಸನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಎಲ್ಲರೂ ಎದ್ದ ಮೇಲೆ ತಿಮ್ಮವ್ವ ಒಬ್ಬಳೇ ಕೂತಳು. ಬೂದೆಮ್ಮ ಅವಳ ಪಾಲಿನ ಅನ್ನ ಸಾರನ್ನು ಕೆಂಡದ ಮೇಲೆ ಇರಿಸಿ ಕಾದಿದ್ದಳು. ಬಾಯಿ ಸುಡುತ್ತದೆ ಎಂದು ಮುದುಕಿ ಬೈದಳು, ಊದಿಕೊಂಡು ಉಂಡಳು, ಇನ್ನೊಂದು ಸಲ ಹಾಕಿಸಿಕೊಂಡಳು.

ಆ ಮದುವೆಯಿಂದ ಊರೇನೂ ಬದಲಾಗಲಿಲ್ಲ. ಓಣಿಯ ಕೆಲವು ಮನೆಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂಡತೊಡಗಿದರು, ಬಹಳ ಮನೆಗಳಲ್ಲಿ ಇಲ್ಲ. ಯಂಕಣ್ಣ ಆ ಮನೆಗೆ ಮತ್ತೆ ಕಾಲಿಡಲಿಲ್ಲ. ಅವನ ಹೆಂಡತಿ ಮಾತ್ರ ವರ್ಷಕ್ಕೊಮ್ಮೆ ಬಂದು ವಾರ ಇದ್ದು ಹೋಗುತ್ತಿದ್ದಳು. ಬೇರೆಯವರ ಮದುವೆಗೆ ಕರೆದರೆ ಬೂದೆಮ್ಮ ತಪ್ಪದೆ ಹೋಗುವಳು. ಅಕ್ಷತೆ ಹಾಕುವಳು, ಮುಯ್ಯಿ ಕೊಡುವಳು. ಗಂಡಸರದು ಮುಗಿಯಲಿ, ಆಮೇಲೆ ನಿಮ್ಮದು ಎಂದು ಯಾರಾದರೂ ಅಂದರೆ, ಜಗಳವಾಡದೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದು ಒಲೆ ಹೊತ್ತಿಸುವಳು.